ಗೇಣಗಲ ಜಾಗ

ನಮ್ಮಜ್ಜಿ ಮಲಕಮ್ಮನಿಗೆ ಕಾಬೂಲಿನ ಅಮೀರನ ಮೇಲೆ ಎಂಥ ಸಿಟ್ಟಿತ್ತೆಂದರೆ, ಅವನು ಇವಳ ಹೊಲದ ಬದು ಒತ್ತಿದ್ದಾನೇನೋ ಅನ್ನಬೇಕು. ದೋರನಹಳ್ಳಿ, ಶಹಾಪುರ, ಸುರಪುರ, ಒಂದೆರಡು ಸಲ ಯಾದಗಿರಿ ಟೇಶನ್ನು, ಇಷ್ಟೇ ಅವಳು ಕಂಡ ಲೋಕ. ಅಮೀರ ಸತ್ತದ್ದು ಅವಳು ಹುಟ್ಟುವುದಕ್ಕಿಂತ ಎಷ್ಟೋ ಮೊದಲು. ಆದರೂ ಅವನ ಸುದ್ದಿ ಬಂದರೆ ಎಲೆ ಅಡಿಕೆಯ ಚೀಲ ಪಕ್ಕಕ್ಕಿಟ್ಟು ಬೈಯಲು ಶುರು ಮಾಡುತ್ತಿದ್ದಳು.

"ಅವನ ಹೆಣಾ ಎತ್ಲಿ! ಸತ್ತು ಮಣ್ಣಾದ ಮ್ಯಾಲೂ ನಮ್ಮ ಹಟ್ಟಿತನಕ ಬಂದನಲ್ಲ ಅವ!"

ಅವನನ್ನು ನಮ್ಮ ಹಟ್ಟಿಯ ತನಕ ತಂದವನು ಜರ್ದಾದ್ ಖಾನ್. ಊರಿಗೆಲ್ಲ ಖಾನ್ ಕಾಕಾ. ಹುಡುಗನಿದ್ದಾಗ ತಾಯಿಯ ಸೆರಗು ಹಿಡಿದು ಗಜನಿಯ ಸೀಮೆಯಿಂದ ಓಡಿಬಂದು, ಹೈದರಾಬಾದಿನಲ್ಲಿ ಬೆಳೆದು, ಕೊನೆಗೆ ದೋರನಹಳ್ಳಿಯ ಶರೀಫಾಬೀಯನ್ನು ಮದುವೆಯಾಗಿ ಇಲ್ಲೇ ನಿಂತುಬಿಟ್ಟ ಪಠಾಣ. ಪಠಾಣರೆಂದರೆ ಕೋಲು ಹಿಡಿದು ದೊಡ್ಡವರ ಬಾಗಿಲು ಕಾಯುವವರು ಎಂದು ನಮ್ಮ ಜನರಿಗೆ ಗೊತ್ತಿತ್ತು. ಇವನು ಕುರಿ ಕಾಯ್ದ. ಅವನ ಹಿರಿಯರೂ ಮಂದೆ ಹೊಡೆದುಕೊಂಡು ಬೆಟ್ಟ ಇಳಿದು ಬೆಟ್ಟ ಹತ್ತುವ ಜನರೇ ಅಂತೆ. ತನ್ನ ನಾಲ್ಕು ಕುರಿಗಳನ್ನು ನಮ್ಮ ಕುರುಬರ ಮಂದೆಗೆ ಸೇರಿಸಿ, ನಮ್ಮವರ ಜೊತೆಗೇ ಹೊಲದಿಂದ ಹೊಲಕ್ಕೆ ತಿರುಗುತ್ತಿದ್ದ. ನಮ್ಮ ಕುರಿಗಳ ಬಾಲ ನೋಡಿ ನಗುವುದು ಅವನ ಚಟ. ಅವನ ದೇಶದ ಕುರಿಗೆ ಹಿಂದೆ ಗಂಟಿನಷ್ಟು ಕೊಬ್ಬು ಜೋತಾಡುತ್ತಿತ್ತಂತೆ.

"ಇವು ಕುರಿ ಏನ್ರೋ? ಉಣ್ಣೆ ಬೆಳದ ಬೆಕ್ಕು" ಅನ್ನುತ್ತಿದ್ದ.

"ಆ ಕೊಬ್ಬಿನ ಬಾಲಾ ಬಿಟ್ಟು ಇಲ್ಲಿಗ್ಯಾಕ ಬಂದಿ ಕಾಕಾ?" ಎಂದು ಕೇಳಿದರೆ ಮಾತ್ರ ಅವನ ನಗು ನಿಲ್ಲುತ್ತಿತ್ತು.

ಅವನಲ್ಲಿ ಒಂದು ವಿಚಿತ್ರವಿತ್ತು. ನಮ್ಮಲ್ಲಿ ಮಂದೆಯ ಮುಂದಾಳು ಟಗರಿಗೆ ಸಂಜೆ ಅಂಗೈಯಲ್ಲಿ ಉಪ್ಪು ಹಿಡಿದು ನೆಕ್ಕಿಸುತ್ತಾರೆ. ಒಡೆಯನ ಗುರುತು ಟಗರಿಗೆ ಹತ್ತುವುದೇ ಹಾಗೆ. ಟಗರು ಒಡೆಯನ ಹಿಂದೆ ಬಂದರೆ ಮಂದೆ ಟಗರಿನ ಹಿಂದೆ ಬರುತ್ತದೆ. ಖಾನ್ ಮಾತ್ರ ಉಪ್ಪನ್ನು ಕಲ್ಲಿನ ಮೇಲೆ ಸುರಿದು ದೂರ ಸರಿದು ನಿಲ್ಲುವನು. ಯಾವ ಪ್ರಾಣಿಗೂ ಅವನು ಅಂಗೈ ಕೊಟ್ಟಿದ್ದನ್ನು ಯಾರೂ ಕಂಡಿರಲಿಲ್ಲ. ಯಾಕೆ ಎಂದು ಕೇಳಿದ ಹೊಸಬರಿಗೆಲ್ಲ ಅಮೀರನ ಕಥೆ ಹೇಳುತ್ತಿದ್ದ. ಹಳಬರು ಅದನ್ನು ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡಿದ್ದರು.

ಅಮೀರನ ಹೆಸರನ್ನು ಅವನು ಒಮ್ಮೆಯೂ ಬಾಯಿಗೆ ತರಲಿಲ್ಲ. ಬರೀ ಅಮೀರ. ಆ ಅಮೀರನ ದೇಶದ ಮೇಲ್ಗಡೆ ರಷ್ಯನ್ನರ ದಂಡು, ಕೆಳಗಡೆ ಹಿಂದುಸ್ತಾನದಲ್ಲಿ ಬ್ರಿಟಿಷರ ದಂಡು. ರಷ್ಯನ್ನರನ್ನು ತಡೆಯಲಿ ಎಂದು ಬ್ರಿಟಿಷರು ಅವನಿಗೆ ಬಂದೂಕು ಕೊಟ್ಟರು, ವರ್ಷವರ್ಷ ಹಣ ಕೊಟ್ಟರು. ಬಂದೂಕಿನ ಬಾಯಿ ತಿರುಗಿದ್ದು ಅವನದೇ ಜನರ ಕಡೆಗೆ. ಘಾಟಿನ ದಾರಿಯಲ್ಲಿ ಎತ್ತರದ ಕಂಬ ನೆಟ್ಟು, ಕಬ್ಬಿಣದ ಪಂಜರ ತೂಗುಹಾಕಿ, ಕಳ್ಳರನ್ನು ಅದರಲ್ಲಿ ಜೀವಂತ ಬಿಟ್ಟು ಒಣಗಿಸಿದ. ದಾರಿಗಳು ಸುರಕ್ಷಿತವಾದವು ಎಂದು ಅವನನ್ನು ಹೊಗಳಿದವರೂ ಇದ್ದರಂತೆ! ಮನೆಮನೆಗೂ ಅವನ ಗೂಢಚಾರರು. ಗಂಡ ಹೆಂಡತಿ ಒಲೆಯ ಮುಂದೆ ಮಾತಾಡಲಿಕ್ಕೂ ಅಂಜುವರು. ಯಾಕಿಷ್ಟು ಕ್ರೌರ್ಯ ಎಂದರೆ ಒಂದೇ ನೆವ: ಎರಡು ದೊಡ್ಡ ರಾಜ್ಯಗಳ ನಡುವೆ ಸಿಕ್ಕಿದ್ದೇನೆ, ಕೈ ಸಡಿಲ ಬಿಟ್ಟರೆ ದೇಶ ಹೋಗುತ್ತದೆ. ದೇಶ ಉಳಿಯಿತು, ನಿಜ. ದೇಶದೊಳಗಿನವರು ಉಳಿಯಲಿಲ್ಲ.

ತೆರಿಗೆ ತಾಳಲಾರದೆ ಖಾನನ ಕುಲದವರು ದಂಗೆ ಎದ್ದರು, ಸೋತರು. ಖಾನನ ಅಪ್ಪ ದಂಗೆಯವರಿಗೆ ಬೆಟ್ಟದ ದಾರಿ ತೋರಿಸಿದವನು. ಹಿಡಿದು ತಂದ ಗಂಡಸರಲ್ಲಿ ಆ ದಾರಿ ತೋರಿಸಿದವನು ಯಾರು ಎಂದು ಅಮೀರನ ಅಧಿಕಾರಿಗೆ ಗೊತ್ತಾಗಲಿಲ್ಲ. ಎಷ್ಟು ಹೊಡೆದರೂ ಒಬ್ಬನೂ ಬಾಯಿ ಬಿಡಲಿಲ್ಲ. ಆಗ ಅಧಿಕಾರಿ ಎಲ್ಲರನ್ನೂ ಸಾಲಾಗಿ ಕೂಡಿಸಿ, ಅಪ್ಪನ ಮಂದೆಯ ಮುಂದಾಳು ಟಗರನ್ನು ತರಿಸಿ ಬಿಟ್ಟ. ಟಗರು ನೆಟ್ಟಗೆ ಹೋಗಿ ಅಪ್ಪನ ಅಂಗೈ ನೆಕ್ಕಿತು. ಅಷ್ಟೇ, ಅಪ್ಪನ ಕಥೆ ಮುಗಿಯಿತು. ಎಂಟು ವರ್ಷದ ಜರ್ದಾದ್ ತಾಯಿಯ ಪಕ್ಕ ನಿಂತು ನೋಡಿದ.

"ಟಗರಿಂದೇನೂ ತಪ್ಪಿಲ್ಲ" ಎಂದು ಕಥೆಯ ಕೊನೆಗೆ ಖಾನ್ ಹೇಳುತ್ತಿದ್ದ. "ಟಗರು ಬಿಡೂದಕ್ಕಿಂತ ಮೊದಲಾ ಅಪ್ಪ ಸಿಕ್ಕಿದ್ದ. ಎಲ್ಲಾರೂ ಮೈಗೆ ಮೈ ಹಚ್ಚಿ ಕುಂತಿದ್ರು. ಅಪ್ಪನ ಎರಡೂ ಬಾಜೂಕ ಗೇಣಗಲ ಜಾಗ ಖಾಲಿ ಇತ್ತು. ಯಾರೂ ಬೇಕಂತ ಸರಿದಿದ್ದಲ್ಲ, ಅಂಜಿಕಿಗೆ ಮೈ ತಾನಾ ಸರೀತದ. ಒಬ್ಬವ ಬಾಜೂಕ ಕುಂತು, ಅವನ ಅಂಗೈಯಾಗೂ ಒಂದು ಚೂರು ಉಪ್ಪಿದ್ದಿದ್ರ ಸಾಕಿತ್ತು."

ಇನ್ನು ನಮ್ಮ ಹಟ್ಟಿಯ ಸಂಗತಿ. ಹಿಂದುಸ್ತಾನಕ್ಕೆ ಸ್ವಾತಂತ್ರ್ಯ ಬಂದು ವರ್ಷ ಕಳೆದಿತ್ತು, ನಿಜಾಮರ ಸೀಮೆಯಲ್ಲಿದ್ದ ನಮಗೆ ಬಂದಿರಲಿಲ್ಲ. ಈ ಸೀಮೆ ಹಿಂದುಸ್ತಾನದ ಜೊತೆ ಒಂದಾಗಬೇಕೋ ಬೇರೆಯಾಗೇ ಇರಬೇಕೋ ಎಂಬ ಜಗಳದಲ್ಲಿ ನಿಜಾಮರ ಪರವಾಗಿ ಖಾಕಿ ತೊಟ್ಟ ಬಂದೂಕಿನ ದಳಗಳು ಊರೂರು ಸುತ್ತುತ್ತಿದ್ದವು. ಗಡಿಯಾಚೆಯ ಶಿಬಿರಗಳಿಂದ ಒಂದಾಗಬೇಕೆಂಬ ಹೋರಾಟದ ಹುಡುಗರು ಬಂದು ಹೋಗುತ್ತಿದ್ದರು. ಅವರಿಗೆ ಸುರಪುರದ ಕಡೆಯಿಂದ ದಾರಿ ತೋರಿಸುತ್ತಿದ್ದವನು ನಮ್ಮಜ್ಜ ಬೀರಣ್ಣ. ಹೊಳೆ ಎಲ್ಲಿ ಮೊಣಕಾಲುದ್ದ, ಎಲ್ಲಿ ಎದೆಯುದ್ದ ಎಂದು ಕುರಿ ಕಾಯುವವನಿಗೆ ಗೊತ್ತಿರದೆ ಇನ್ನಾರಿಗೆ ಗೊತ್ತಿರಬೇಕು? ಯುಗಾದಿಗೆ ಮನೆ ಬಿಟ್ಟವನು ಮರಳಿರಲಿಲ್ಲ. ಅವನ ಹೆಸರು ದಳದವರಿಗೆ ಸಿಕ್ಕಿತ್ತು. ಮುಖ ಸಿಕ್ಕಿರಲಿಲ್ಲ. ಮುಖ ಸಿಕ್ಕರೆ ಗುಂಡು ಎಂಬುದು ಎಲ್ಲರಿಗೂ ತಿಳಿದಿತ್ತು.

ಆ ದಳದ ಮುಖಂಡನನ್ನು ಸಾಲಾರ ಅನ್ನುತ್ತಿದ್ದರು. ಹೈದರಾಬಾದಿನ ಕಡೆಯವನು, ಗಡ್ಡ ಒಪ್ಪವಾಗಿ ಕತ್ತರಿಸಿದ ಎಳೆಯ ವಯಸ್ಸಿನವನು. ಶ್ರಾವಣದಲ್ಲಿ ದೋರನಹಳ್ಳಿಗೆ ಬಂದಾಗ ಖಾನನ ಮನೆಯಲ್ಲಿ ಚಹಾ ಕುಡಿದ. ನೀವು ಕಾಬೂಲಿನ ಹಿರಿಯರು, ನಿಮ್ಮ ಅಮೀರನ ಸುದ್ದಿ ಹೇಳಿ ಎಂದ. ಖಾನ್ ಹೇಳಿದ. ಕೇಳಿದವನ ಮನಸ್ಸು ಕರಗಲಿ ಎಂದೇ ಹೇಳಿದ, ಪಾಪ. ಸಾಲಾರನ ಕಣ್ಣು ಮಿನುಗಿದವು. "ಆಳೂದಂದ್ರ ಹಿಂಗ" ಎಂದನಂತೆ. "ನಮ್ಮದೂ ಅದಾ ಪರಿಸ್ಥಿತಿ, ಖಾನ್ ಸಾಬ್. ಸುತ್ತ ಹಿಂದುಸ್ತಾನ, ನಡುವ ನಾವು. ಕೈ ಸಡಲ ಬಿಟ್ರ ಹೋತು." ಅವನು ಉರ್ದುವಿನಲ್ಲಿ ಹೇಳಿದ್ದನ್ನು ಅಜ್ಜಿ ತನ್ನ ಕನ್ನಡದಲ್ಲೇ ಆಡಿ ತೋರಿಸುತ್ತಿದ್ದಳು. ಅದೇ ಹಳೆಯ ನೆವ ಇನ್ನೊಂದು ಬಾಯಲ್ಲಿ ಕೇಳಿ ಖಾನ್ ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟು ಮತ್ತೆ ಮುಟ್ಟಲಿಲ್ಲವೆಂದು ಶರೀಫಾಬೀ ಆಮೇಲೆ ಹೇಳಿದಳು.

ಭಾದ್ರಪದದಲ್ಲಿ ನಮ್ಮವರ ಮಂದೆ ಗೋಗಿಯ ದಾರಿಯ ಒಂದು ಬೀಳು ಹೊಲದಲ್ಲಿತ್ತು. ಹೊಲಕ್ಕೆ ಗೊಬ್ಬರವಾಗಲಿ ಎಂದು ನಾಲ್ಕು ಮನೆಗಳ ಕುರಿಗಳನ್ನು ಕೂಡಿ ನಿಲ್ಲಿಸಿದ್ದರು. ಅಜ್ಜಿ ಹಸೀ ಬಾಣಂತನ ಮುಗಿಸಿ ಕೂಸನ್ನು ಕಟ್ಟಿಕೊಂಡು ಅಲ್ಲೇ ಇದ್ದಳು. ಆ ಕೂಸು ನಮ್ಮವ್ವ ಶೇಖಮ್ಮ. ಮಗಳು ಹುಟ್ಟಿದ ಸುದ್ದಿ ಕೇಳಿ ಅಜ್ಜ ತಡೆಯಲಾರದೆ ಬಂದ. ಬಂದವನು ಮಾಡಿದ್ದೇನು? ಕೂಸಿನ ಮುಖ ನೋಡುವ ಮೊದಲು, ಓಡಿಬಂದ ಕೆಂಚನಿಗೆ ಅಂಗೈಯಲ್ಲಿ ಉಪ್ಪು ನೆಕ್ಕಿಸಿದ. ಕೆಂಚ ಅವನು ತಬ್ಬಲಿ ಮರಿಯಿಂದ ಬಾಟಲಿ ಹಾಲು ಕುಡಿಸಿ ಸಾಕಿದ ಮುಂದಾಳು ಟಗರು, ಕೊರಳಲ್ಲಿ ಗಂಟೆ ಕಟ್ಟಿದ್ದು. "ನನಗಿಂತ ಟಗರಾ ಹೆಚ್ಚಾತೇನು ನಿನಗ?" ಎಂದು ಅಜ್ಜಿ ಆವತ್ತು ಸಂಜೆಯೆಲ್ಲ ಮುಖ ಊದಿಸಿಕೊಂಡಿದ್ದಳು. ಆ ಸಿಟ್ಟು ಮಾರನೆಯ ದಿನ ಬೇರೆಯೇ ಆಯಿತು.

ಮಾರನೆಯ ದಿನ ಬಿಸಿಲೇರುವ ಹೊತ್ತಿಗೆ ದಳದ ಲಾರಿ ಬಂತು. ಬೀರಣ್ಣ ಹಟ್ಟಿಗೆ ಬಂದಿದ್ದಾನೆ ಎಂದು ಯಾರೋ ಸುದ್ದಿ ಮುಟ್ಟಿಸಿದ್ದರು. ಯಾರೆಂದು ಇವತ್ತಿಗೂ ಗೊತ್ತಿಲ್ಲ, ಗೊತ್ತಾಗಿದ್ದರೆ ಅಜ್ಜಿ ಸುಮ್ಮನೆ ಬಿಡುತ್ತಿರಲಿಲ್ಲ. ಸುತ್ತಲೂ ಬಂದೂಕು ನಿಂತವು. ಓಡಲು ದಾರಿಯಿರಲಿಲ್ಲ. ಸಾಲಾರ ಗಂಡಸರನ್ನೆಲ್ಲ ಹಿಡಿದು ಬೀರಣ್ಣ ಯಾರು ಎಂದು ಕೇಳಿದ.

"ಅವ ಯುಗಾದಿಗೆ ಹೋಗ್ಯಾನ್ರಿ, ಬಂದಿಲ್ರಿ" ಎಂದ ಮರಿಲಿಂಗಪ್ಪ, ಹಟ್ಟಿಗೆ ಹಿರಿಯ.

ಒಂದು ಏಟು ಬಿತ್ತು. ಪರಮಣ್ಣನನ್ನು ಕೇಳಿದರು. ಅವನೂ ಅದನ್ನೇ ಹೇಳಿದ. ಮೂರು ನಾಲ್ಕು ಮಂದಿಯ ಬೆನ್ನು ಹರಿಯಿತು, ಮಾತು ಬದಲಾಗಲಿಲ್ಲ. ಎಲ್ಲರಿಗೂ ಒಂದೇ ಕರಿ ಕಂಬಳಿ, ಒಂದೇ ರುಮಾಲು, ಒಂದೇ ಬಿಸಿಲಿಗೆ ಸುಟ್ಟ ಮುಖ. ಅಜ್ಜ ಅವರ ನಡುವೆಯೇ ನಿಂತಿದ್ದ.

ಆಗ ಸಾಲಾರ ನಕ್ಕ. ಊರಿಗೆ ಆಳು ಕಳಿಸಿ ಖಾನನನ್ನು ಕರೆಸಿ, ಬೇವಿನ ಗಿಡದ ನೆರಳಿನಲ್ಲಿ ಕಂಬಳಿ ಹಾಸಿಸಿದ.

"ಬರ್ರಿ ಖಾನ್ ಸಾಬ್. ನೀವು ಹೇಳಿದ ಆಟ ಇವತ್ತು ಆಡೂನು. ಎಲ್ಲಾರನ್ನೂ ಸಾಲಾಗಿ ಕೂಡಸ್ರಿ. ಆ ಗಂಟಿ ಕಟ್ಟಿದ ಟಗರು ಬೀರಣ್ಣಂದೇನು? ಅದನ್ನ ಹಿಡಕೊಂಡು ಬರ್ರಿ."

ಖಾನನ ಮುಖ ಬೂದಿಯಾಯಿತು ಎಂದು ಅಜ್ಜಿ ಹೇಳುತ್ತಿದ್ದಳು. ಅವಳ ಎದೆಯೂ ಒಡೆದಿತ್ತು. ನಿನ್ನೆ ಸಂಜೆಯಷ್ಟೇ ಉಪ್ಪು ನೆಕ್ಕಿದ ಟಗರು ಇವತ್ತು ಎಲ್ಲಿಗೆ ಹೋಗುತ್ತದೆ ಎಂದು ಕೇಳಬೇಕೇ? ಆದರೆ ಅಜ್ಜಿ ಅಳುತ್ತಾ ಕೂರುವ ಪೈಕಿ ಅಲ್ಲ. ಖಾನನ ಕಥೆಯ ಕೊನೆಯ ಮಾತು ಅವಳಿಗೆ ನೆನಪಾಯಿತು. ಸಾಲಾರನ ಮುಂದೆ ಸೆರಗೊಡ್ಡಿ ನಿಂತಳು.

"ಮುಂಜಾನಿಂದ ಹಸದು ಕುಂತಾರ್ರಿ. ಒಂದೊಂದು ರೊಟ್ಟಿ ಕೊಡಾಕರ ಬಿಡ್ರಿ."

"ಕೊಡು. ನಾವೇನು ಕಟುಕರೇನು?" ಎಂದ ಅವನು.

ಬುಟ್ಟಿ ಹೊತ್ತು ಸಾಲಿನ ಮುಂದೆ ಹೋದಳು. ಒಬ್ಬೊಬ್ಬರಿಗೂ ರೊಟ್ಟಿ, ಒಂದು ಹಸಿಮೆಣಸಿನಕಾಯಿ, ಒಂದು ಹರಳು ಉಪ್ಪು. "ಉಪ್ಪು ಇಟ್ಟೀನಿ" ಎಂದಷ್ಟೇ ಅಂದಳು. ಕಾವಲಿನವನು ಬಂದೂಕು ಹಿಡಿದು ಜೊತೆಗೇ ಬರುತ್ತಿದ್ದ. ಸಾಲಿನವರಿಗೆ ತಿಳಿಯಿತು, ಅವರೂ ಕಥೆ ಕೇಳಿದವರೇ. ತಿಳಿದೂ ಮರಿಲಿಂಗಪ್ಪ ಉಪ್ಪನ್ನು ರೊಟ್ಟಿಗೆ ಹಚ್ಚಿ ತಿಂದ. ಪರಮಣ್ಣ ತಿಂದು ಕೈ ಒರೆಸಿಕೊಂಡ. ಒಬ್ಬನಂತೂ ಉಪ್ಪನ್ನು ಹಿಂದಕ್ಕೆ ಎಸೆದುಬಿಟ್ಟ. ಅಜ್ಜಿಗೆ ಅವರನ್ನೆಲ್ಲ ಅಲ್ಲೇ ಕೊಂದುಬಿಡಬೇಕು ಅನ್ನಿಸಿತಂತೆ. ನನಗೂ ಆ ಮಾತು ಕೇಳುವಾಗಲೆಲ್ಲ ಹಾಗೇ ಅನ್ನಿಸುತ್ತದೆ. ಮನೆಯಲ್ಲಿ ಹೆಂಡತಿ ಮಕ್ಕಳಿದ್ದವರು, ಎದುರಿಗೆ ಬಂದೂಕು, ಅದೂ ನಿಜವೇ.

ಸಾಲು ಮುಗಿಸಿ ತಿರುಗಿ ನೋಡಿದಾಗ ಅವಳಿಗೆ ಇನ್ನೊಂದು ಕಂಡಿತು. ಸಾಲಿನಲ್ಲಿ ಎಲ್ಲರೂ ಮೈಗೆ ಮೈ ಹಚ್ಚಿ ಕೂತಿದ್ದರು. ಅಜ್ಜನ ಎರಡೂ ಪಕ್ಕ ಗೇಣಗಲ ಜಾಗ ಖಾಲಿ ಬಿದ್ದಿತ್ತು. ಯಾರೂ ಬೇಕೆಂದು ಸರಿದಿರಲಿಲ್ಲ. ಸಾಲಾರ ಇನ್ನೂ ಅದನ್ನು ನೋಡಿರಲಿಲ್ಲ, ಅವನ ಕಣ್ಣು ಟಗರಿನ ಮೇಲಿತ್ತು. ಖಾನ್ ನೋಡಿದ್ದ.

ಖಾನ್ ನೆರಳಿನ ಕಂಬಳಿಯಿಂದ ಎದ್ದ. ಕೋಲೂರಿ ಬಿಸಿಲಿಗೆ ಬಂದು, ಅಜ್ಜಿಯ ಮುಂದೆ ನಿಂತು ಕೈಯೊಡ್ಡಿದ. "ನನಗೂ ಒಂದು ರೊಟ್ಟಿ ಕೊಡವ್ವ ಮಲಕವ್ವ." ರೊಟ್ಟಿ ಮುಗಿದಿತ್ತು. ಬುಟ್ಟಿಯ ತಳದಲ್ಲಿ ಉಪ್ಪಿನ ಹರಳುಗಳಿದ್ದವು. ಅಜ್ಜಿ ಅವನ್ನೇ ಬಳಿದು ಅವನ ಕೈಗೆ ಹಾಕಿದಳು. ಅವನು ಹೋಗಿ ಅಜ್ಜನ ಪಕ್ಕದ ಆ ಖಾಲಿ ಜಾಗದಲ್ಲಿ, ಅಜ್ಜನ ಮೊಣಕಾಲಿಗೆ ತನ್ನ ಮೊಣಕಾಲು ತಾಗಿಸಿ ಕೂತ.

"ಅಲ್ಲ್ಯಾಕ ಖಾನ್ ಸಾಬ್? ನೆರಳಿಗೆ ಬರ್ರಿ" ಎಂದ ಸಾಲಾರ.

"ನಾನೂ ಕುರಿ ಕಾಯಾವನಾ, ಸಾಲಾರ್ ಸಾಬ್. ಕುರಿ ಕಾಯಾವರ ಸಾಲಿನ್ಯಾಗ ಕುಂದರ್ತೀನಿ."

"ನಿಮ್ಮ ಮರ್ಜಿ" ಎಂದು ನಕ್ಕು, ಟಗರನ್ನು ಬಿಡಿಸಿದ.

ಕೆಂಚನ ಗಂಟೆ ಸದ್ದು ಮಾಡಿತು. ಮೊದಲು ಅಲ್ಲೇ ನಿಂತು ಮೂಗೆತ್ತಿ ಗಾಳಿ ಹಿಡಿಯಿತು. ಆಮೇಲೆ ಸಾಲಿನ ತುದಿಯಿಂದ ನಡೆಯತೊಡಗಿತು. ಮರಿಲಿಂಗಪ್ಪನ ಮುಂದೆ ನಿಲ್ಲಲಿಲ್ಲ. ಪರಮಣ್ಣನ ಮುಂದೆ ನಿಲ್ಲಲಿಲ್ಲ. ಅಜ್ಜನನ್ನು ಕಂಡದ್ದೇ ಓಟ ಕಿತ್ತಿತು. ಅಜ್ಜ ಕಂಬಳಿಯೊಳಗೆ ಎರಡೂ ಕೈ ಮುಷ್ಟಿ ಕಟ್ಟಿ ನೆಲ ನೋಡುತ್ತಿದ್ದ. ಟಗರು ಅವನ ಮುಂದೆ ನಿಂತು ಮೂತಿ ಮುಂದೆ ಮಾಡಿತು. ಸಾಲಾರ ಸೊಂಟದ ಪಿಸ್ತೂಲಿಗೆ ಕೈ ಹಾಕಿ ಎದ್ದ. ಅಜ್ಜಿ ಕೂಸನ್ನು ಎದೆಗೆ ಅವಚಿ ಕಣ್ಣು ಮುಚ್ಚಿದಳು.

ಆಗ ಒಂದು ಕೂಗು ಕೇಳಿತು. ನಾಲಿಗೆಯನ್ನು ಅಂಗುಳಕ್ಕೆ ಹಚ್ಚಿ ಉರುಳಿಸಿದ, ನಮ್ಮ ಸೀಮೆಯಲ್ಲಿ ಯಾವ ಕುರುಬನೂ ಕೂಗದ ಕೂಗು. ಖಾನನ ಅಪ್ಪ ತನ್ನ ಮಂದೆಯನ್ನು ಕರೆಯುತ್ತಿದ್ದದ್ದು ಹಾಗೆ. ಅಜ್ಜಿ ಕಣ್ಣು ಬಿಟ್ಟಳು. ಖಾನ್ ಅಂಗೈ ಚಾಚಿದ್ದ. ಬೆವರಿಗೆ ಕರಗಿದ ಉಪ್ಪು ಬಿಸಿಲಿಗೆ ಹೊಳೆಯುತ್ತಿತ್ತು. ಕೆಂಚ ಅಜ್ಜನ ಮುಚ್ಚಿದ ಕಂಬಳಿಯನ್ನು ಇನ್ನೊಮ್ಮೆ ಮೂಸಿ, ಪಕ್ಕಕ್ಕೆ ತಿರುಗಿ, ಖಾನನ ಅಂಗೈಗೆ ನಾಲಿಗೆ ಹಾಕಿತು. ಮುದುಕ ಅಳುತ್ತಿದ್ದ.

"ಏನಿದು ಖಾನ್ ಸಾಬ್?" ಸಾಲಾರನ ದನಿ ಬದಲಾಗಿತ್ತು.

"ಬೀರಣ್ಣ ಹೋದಾಗಿಂದ ಇದಕ್ಕ ಉಪ್ಪು ಹಾಕಾವ ನಾನಾ. ನನಗಾ ಗುರ್ತು ಹಿಡೀತದ." ಸುಳ್ಳು, ಹಸೀ ಸುಳ್ಳು. ಸಾಲಿನವರಿಗೆಲ್ಲ ಅದು ಸುಳ್ಳೆಂದು ಗೊತ್ತಿತ್ತು.

ಅಷ್ಟರಲ್ಲಿ ಆ ಕಡೆಯ ತುದಿಯಲ್ಲಿ ಇನ್ನೊಂದು ಕೈ ಹೊರಗೆ ಬಂತು. ತಾನು ತಿನ್ನದೆ ಉಳಿಸಿದ್ದ ಉಪ್ಪನ್ನು ಹಿಡಿದು ಯಾರೋ ಟಗರನ್ನು ಕರೆದರು. ಕೆಂಚ ಅತ್ತ ಹೋಯಿತು. ಇನ್ನೊಂದು ಕೈ. ಮತ್ತೊಂದು. ಉಪ್ಪು ತಿಂದು ಮುಗಿಸಿದ್ದ ಮರಿಲಿಂಗಪ್ಪ ನಾಚಿಕೆಯಿಂದ ಮುಖ ಕೆಳಗೆ ಹಾಕಿ ಬರೀ ಅಂಗೈ ಚಾಚಿದ. ಟಗರು ಅದನ್ನೂ ನೆಕ್ಕಿ ನೋಡಿತು. ಉಪ್ಪಿನ ಆಸೆಗೆ ಅದು ಸಾಲಿನ ಉದ್ದಕ್ಕೂ ಎಲ್ಲರದೂ ಆಗಿಬಿಟ್ಟಿತು.

ಸಾಲಾರ ಖಾನನ ಮುಂದೆ ಬಂದು ನಿಂತ. "ನಿಮ್ಮ ಅಮೀರ ಇದ್ದಿದ್ರ ಏನು ಮಾಡ್ತಿದ್ದ ಗೊತ್ತೇನು? ಈ ಸಾಲಿಗೆ ಸಾಲಾ ಮುಗಸ್ತಿದ್ದ."

"ಹೌದು, ಮುಗಸ್ತಿದ್ದ" ಎಂದ ಖಾನ್. "ಅದಕ್ಕಾ ಅವನ ಹೆಸರು ನನ್ನ ಬಾಯಾಗ ಬರಂಗಿಲ್ಲ. ನಿನ್ನ ಹೆಸರು ಏನು ಮಾಡ್ಲಿ, ಹೇಳು?"

ಸಾಲಾರ ಪಕ್ಕದವನ ಬಂದೂಕು ಕಿತ್ತುಕೊಂಡು ಅದರ ಹಿಂಭಾಗದಿಂದ ಆ ಚಾಚಿದ ಕೈಯನ್ನು ನೆಲಕ್ಕೆ ಹಾಕಿ ಕುಟ್ಟಿದ. ಎಲುಬು ಮುರಿದ ಸದ್ದು ಅಜ್ಜಿಗೆ ಕೇಳಿಸಿತು. ಪಕ್ಕದಲ್ಲಿದ್ದ ಅಜ್ಜ ಮೇಲೇಳಲು ಹೋದ. ಖಾನ್ ಎಡಗೈಯಿಂದ ಅವನ ತೊಡೆ ಒತ್ತಿ ಕೂಡಿಸಿದ. ಬಂದೂಕು ಮತ್ತೆ ಮೇಲೆದ್ದು, ಅಲ್ಲೇ ನಿಂತಿತು. ಗೋಗಿಯ ದಾರಿಯಲ್ಲಿ ಸೈಕಲ್ಲಿನ ಮೇಲೆ ಒಬ್ಬ ಕೂಗುತ್ತಾ ಬರುತ್ತಿದ್ದ. ಹಿಂದುಸ್ತಾನದ ಫೌಜು ಗಡಿ ದಾಟಿದೆ, ದಳದವರೆಲ್ಲ ಯಾದಗಿರಿಗೆ ಬರಬೇಕಂತೆ. ಸಾಲಾರ ಸಾಲನ್ನೊಮ್ಮೆ ನೋಡಿದ, ಬಂದೂಕನ್ನು ಪಕ್ಕದವನ ಕಡೆಗೆ ಎಸೆದು ಲಾರಿ ಹತ್ತಿದ. ಅವನ ಹೆಸರು ಏನೆಂದು ಖಾನನಿಗೆ ಗೊತ್ತಿತ್ತು. ಸಾಯುವ ತನಕ ಹೇಳಲಿಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ಅಜ್ಜಿ ಅಮೀರನನ್ನು ಅಷ್ಟು ಬೈಯುತ್ತಿರಲಿಲ್ಲವೇನೋ. ವಾರದೊಳಗೆ ಕಾಲ ಮಗುಚಿಬಿತ್ತು. ನಿಜಾಮರ ಆಳಿಕೆ ಹೋಯಿತು, ನಾವು ಹಿಂದುಸ್ತಾನವಾದೆವು. ಆಗ ಬೇರೆ ಊರುಗಳಿಂದ ಬೇರೆ ಗುಂಪುಗಳು ದಳದವರ ಮೇಲಿನ ಸೇಡಿಗೆಂದು ಕೊಡಲಿ ಹಿಡಿದು ತಿರುಗತೊಡಗಿದವು. ಒಂದು ಗುಂಪು ದೋರನಹಳ್ಳಿಗೆ ಬಂದು ಸಾಲಾರನಿಗೆ ಚಹಾ ಕೊಟ್ಟ ಕಾಬೂಲಿಯ ಮನೆ ಯಾವುದು ಎಂದು ಕೇಳಿತು.

ಮನೆ ತೋರಿಸುವ ಅಗತ್ಯವೇ ಇರಲಿಲ್ಲ. ಖಾನ್ ತನ್ನ ಕಟ್ಟೆಯ ಮೇಲೆ, ಪಟ್ಟಿ ಕಟ್ಟಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಒಬ್ಬನೇ ಕೂತಿದ್ದ. ಒಳಗೆ ಶರೀಫಾಬೀ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು. ಓಣಿಯ ಜನ ದೂರ ನಿಂತು ನೋಡುತ್ತಿದ್ದರು. ಕಟ್ಟೆಯ ಮೇಲೆ ಅವನ ಎರಡೂ ಪಕ್ಕ ಜಾಗ ಖಾಲಿ ಇತ್ತು, ಗೇಣಲ್ಲ, ಮಾರುದ್ದ.

ಅಜ್ಜ ಗುಂಪನ್ನು ಸೀಳಿಕೊಂಡು ಬಂದು ಅವನ ಬಲಕ್ಕೆ ಕೂತ. ಕೂಸನ್ನು ಕಂಕುಳಲ್ಲಿಟ್ಟುಕೊಂಡು ಅಜ್ಜಿ ಎಡಕ್ಕೆ ಕೂತಳು.

"ನೀ ಯಾರಪಾ?" ಎಂದು ಕೊಡಲಿಯವನೊಬ್ಬ ಕೇಳಿದ.

"ಬೀರಣ್ಣ. ಗಡಿ ದಾಟಿಸ್ತಿದ್ದನಲ್ಲ, ಆ ಬೀರಣ್ಣ. ನನ್ನ ಹೆಸರು ನಿಮಗ ಗೊತ್ತಿರಬೇಕು."

ಗೊತ್ತಿತ್ತು. ಅವರು ಮುಖ ಮುಖ ನೋಡಿಕೊಂಡರು. ಮರಿಲಿಂಗಪ್ಪ ಬಂದು ಅಜ್ಜನ ಆಚೆ ಕೂತ. ಪರಮಣ್ಣ ಅಜ್ಜಿಯ ಈಚೆ ಕೂತ. ಆಮೇಲೆ ಇನ್ನಷ್ಟು ಜನ. ಎಲ್ಲರೂ ಬರಲಿಲ್ಲ, ಬಂದರು ಎಂದು ಹೇಳಿದರೆ ಅಜ್ಜಿ ಎದ್ದುಬಂದು ನನ್ನ ಕಪಾಳಕ್ಕೆ ಬಿಗಿದಾಳು. ಕಟ್ಟೆ ತುಂಬುವಷ್ಟು ಬಂದರು. ಕೊಡಲಿಯವರು ಬೈದು ಹೊರಟುಹೋದರು.

ಖಾನ್ ಅಜ್ಜನ ಹೆಗಲಿಗೆ ತಲೆಯಿಟ್ಟು ಎಂಟು ವರ್ಷದ ಹುಡುಗ ಅಳುವಂತೆ ಅತ್ತ. ಅವನ ಬಲಗೈ ಮತ್ತೆ ನೆಟ್ಟಗಾಗಲೇ ಇಲ್ಲ, ಬೆರಳುಗಳು ಒಳಕ್ಕೆ ಮಡಚಿ ಬಟ್ಟಲಿನಂತೆ ನಿಂತುಬಿಟ್ಟವು. ಆಮೇಲೆ ಬದುಕಿದಷ್ಟು ಕಾಲ ಅವನು ಉಪ್ಪನ್ನು ಕಲ್ಲಿನ ಮೇಲೆ ಸುರಿಯಲಿಲ್ಲ. ಸಂಜೆಯಾದರೆ ಕಟ್ಟೆಯ ಮೇಲೆ ಕೂತು, ಆ ಸೊಟ್ಟ ಕೈಯಲ್ಲೇ ಹಿಡಿದು ಕೆಂಚನಿಗೆ ನೆಕ್ಕಿಸುತ್ತಿದ್ದ.